ಮಾಟ, ಯಂತ್ರ ಮತ್ತು ಹಳೆಯ ಭಾಷೆ: ‘ದಿ ವೆದರ್‌ಮಂಗರ್’ ಕುರಿತು

ಪೀಟರ್ ಡಿಕಿನ್ಸನ್ (1927–2015) ಅವರ ‘ದಿ ವೆದರ್‌ಮಂಗರ್’ (1968) ಕಿಶೋರರಿಗಾಗಿ ರಚಿತವಾದ ಇಂಗ್ಲಿಷ್ ಕಾದಂಬರಿ. ಮೇಲ್ನೋಟಕ್ಕೆ ಇದರ ವಸ್ತು ಮಾಟ ಮತ್ತು ಯಂತ್ರಗಳ ಸಂಘರ್ಷ. ಆದರೆ ಆ ಸಂಘರ್ಷವನ್ನು ಕೊನೆಗಾಣಿಸುವುದು ಇವೆರಡೂ ಅಲ್ಲ, ಒಂದು ಹಳೆಯ ಭಾಷೆ ಎಂಬುದು ಗಮನಾರ್ಹ.

ಇಂಗ್ಲೆಂಡಿನ ಜನರಲ್ಲಿ ಯಂತ್ರಗಳ ಬಗೆಗೆ ಏಕಾಏಕಿ ದ್ವೇಷ ಹುಟ್ಟಿ, ನಾಡು ಮಧ್ಯಯುಗದ ಬದುಕಿಗೆ ಮರಳಿದೆ. ಹದಿನಾರರ ಜೆಫ್ರಿ ಮಾಟದಿಂದ ಮಳೆ ಬಿಸಿಲುಗಳನ್ನು ತರಬಲ್ಲವನು. ಆ ಕಾರಣದಿಂದಲೇ ವೇಮತ್ ಪಟ್ಟಣಕ್ಕೆ ಬೇಕಾದವನು. ದೋಣಿಯೊಂದರ ಎಂಜಿನನ್ನು ಗುಟ್ಟಾಗಿ ಕಾಪಾಡಿಕೊಂಡ ತಪ್ಪಿಗೆ ಅದೇ ಪಟ್ಟಣ ಅವನನ್ನೂ ತಂಗಿ ಸ್ಯಾಲಿಯನ್ನೂ ಮುಳುಗಿ ಸಾಯಲೆಂದು ಕಡಲ ಬಂಡೆಯ ಮೇಲೆ ಬಿಡುತ್ತದೆ. ಫ್ರಾನ್ಸಿಗೆ ಪಾರಾದ ಅಣ್ಣತಂಗಿಯರು ಕೇಡಿನ ಮೂಲವನ್ನು ಅರಸಿ ಮರಳಿ ಬಂದು, 1909ರ ರೋಲ್ಸ್ ರಾಯ್ಸ್ ಕಾರಿನಲ್ಲಿ ವೇಲ್ಸಿನತ್ತ ಸಾಗುತ್ತಾರೆ.

ಆ ಮೂಲ ಮರ್ಲಿನ್. ಫರ್ಬೆಲೋ ಎಂಬ ಔಷಧ ವ್ಯಾಪಾರಿ ಅವನನ್ನು ದೀರ್ಘನಿದ್ರೆಯಿಂದ ಎಬ್ಬಿಸಿ, ಮಾರ್ಫಿನ್ ಚಟಕ್ಕೆ ಕೆಡವಿದ್ದಾನೆ. ಯಂತ್ರಯುಗವನ್ನು ಅಳಿಸಿದ ಮಾಟದ ಹಿಂದಿರುವುದು ಆಧುನಿಕ ಔಷಧವೇ! ಜೆಫ್ರಿಯ ಮಾಟವಾಗಲಿ ಕಾರಾಗಲಿ ಇಲ್ಲಿ ಫಲಿಸುವುದಿಲ್ಲ. ಸ್ಯಾಲಿ ಮರ್ಲಿನನೊಡನೆ ಲ್ಯಾಟಿನ್‌ನಲ್ಲಿ ಮಾತನಾಡಿ ನಿಜವನ್ನು ತಿಳಿಸುತ್ತಾಳೆ. ಅವನು ಮದ್ದನ್ನು ತೊರೆದು ನಿದ್ರೆಗೆ ಮರಳುತ್ತಾನೆ. ಮರ್ಲಿನನ ಕಥೆಗೆ ಪ್ರಸಿದ್ಧಿ ತಂದುದು ಹನ್ನೆರಡನೆಯ ಶತಮಾನದ ಮನ್ಮತ್‌ನ ಜೆಫ್ರಿಯ ಲ್ಯಾಟಿನ್ ಕೃತಿಯೆಂಬುದನ್ನು ನೆನೆದರೆ ಈ ಪರಿಹಾರದ ಔಚಿತ್ಯ ಇನ್ನಷ್ಟು ಸ್ಪಷ್ಟವಾಗುತ್ತದೆ.

ಆದರೂ ಕೃತಿಯಲ್ಲಿ ಒಂದು ಕೊರತೆಯಿದೆ. ದ್ವೇಷದ ಹೊಣೆ ಮರ್ಲಿನನ ಮೇಲೆ ಬಿದ್ದೊಡನೆ, ಮಕ್ಕಳನ್ನು ಮುಳುಗಿಸಹೊರಟ ಪಟ್ಟಣ ನಿರ್ದೋಷಿಯಾಗಿಬಿಡುತ್ತದೆ. ಮಾಟ ಇಳಿದರೆ ಕ್ರೌರ್ಯವೂ ಇಳಿಯುವುದೇ? ಇದೇ ಮಾಲೆಯ ‘ಹಾರ್ಟ್ಸ್‌ಈಸ್’ (1969) ಈ ಪ್ರಶ್ನೆಯನ್ನು ಎದುರಿಸುತ್ತದೆ. ಕಲ್ಲೇಟಿಗೆ ಗುರಿಯಾದ ಪರದೇಶಿಯನ್ನು ಕಾಪಾಡಹೊರಟ ಹುಡುಗಿ ಮಾರ್ಗರೆಟ್ ತಾನೂ ಯಂತ್ರಗಳಿಗೆ ಹೇಸುವವಳು. ಹೇಸಿಗೆಯಿದ್ದೂ ಕ್ರೌರ್ಯಕ್ಕೆ ಒಪ್ಪದವಳು. ಆದ್ದರಿಂದ ಕಲ್ಲೆಸೆದವರಿಗೆ ಮಾಟದ ನೆಪ ಉಳಿಯುವುದಿಲ್ಲ.

ಪ್ರಾಚೀನ ಸಾಹಿತ್ಯದ ಅಭ್ಯಾಸಿಗಳಾದ ನಮಗೆ ಇಲ್ಲಿ ಎಚ್ಚರಿಕೆಯೊಂದಿದೆ. ಗತಕಾಲವನ್ನು ಬಲವಂತವಾಗಿ ಎಬ್ಬಿಸಿ ಆಳಹೊರಟವನು ಫರ್ಬೆಲೋ; ಅದರ ಭಾಷೆಯನ್ನು ಕಲಿತು ಮಾತನಾಡಿಸಿದವಳು ಸ್ಯಾಲಿ. ಹಳಗನ್ನಡವನ್ನು ಹೊರನಾಡುಗಳಲ್ಲಿ ಓದುವ, ಓದಿಸುವ ನಾವು ಯಾರ ಹಾದಿಯಲ್ಲಿದ್ದೇವೆಂದು ಆಗಾಗ ಕೇಳಿಕೊಳ್ಳುವುದು ಒಳಿತು.