ಬಿಡುವಿನ ಚಿತ್ರದಲ್ಲಿ ದುಡಿಯುವವರನ್ನು ಹುಡುಕಿ

ಹತ್ತೊಂಬತ್ತನೆಯ ಶತಮಾನದ ಕೊನೆಯ ಪ್ಯಾರಿಸ್ಸನ್ನು ಬರೆದ ಚಿತ್ರಗಳನ್ನು ಮೊದಲ ಸಲ ನೋಡುವವರ ಕಣ್ಣು ಬಣ್ಣ, ಬೆಳಕಿನಲ್ಲೇ ನಿಂತುಬಿಡುತ್ತದೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಅಷ್ಟಕ್ಕೇ ಬಿಡಬೇಡಿ. ಇಲ್ಲಿ ಬಿಡುವಾಗಿರುವವರು ಯಾರು, ಅವರ ಬಿಡುವಿಗಾಗಿ ದುಡಿಯುತ್ತಿರುವವರು ಯಾರು ಎಂದು ಕೇಳಿಕೊಂಡು ಇನ್ನೊಮ್ಮೆ ನೋಡಿ.

ಚಿತ್ರಕಾರ ಮಾನೆಯ ‘ಫೋಲಿ-ಬೆರ್ಜೇರ್‌ನ ಬಾರ್’ (1882) ಈ ಪ್ರಶ್ನೆಗೆ ಮೊದಲ ಪಾಠ. ಫೋಲಿ-ಬೆರ್ಜೇರ್ ಪ್ಯಾರಿಸ್ಸಿನ ಒಂದು ಮನರಂಜನಾ ಮಂದಿರ. ಅಮೃತಶಿಲೆಯ ಕಟ್ಟೆ, ಅದರ ಮೇಲೆ ಮದ್ಯದ ಸೀಸೆಗಳು, ಗಾಜಿನ ಬಟ್ಟಲಲ್ಲಿ ಕಿತ್ತಳೆ. ಕಟ್ಟೆಯ ಹಿಂದೆ ಕರಿಯ ಉಡುಪಿನ ಹುಡುಗಿ. ಅವಳ ಬೆನ್ನಿಗೆ ದೊಡ್ಡ ಕನ್ನಡಿ. ದೀಪಗಳು, ಜನಸಂದಣಿ, ಎಡಗಡೆ ಮೇಲ್ತುದಿಯಲ್ಲಿ ಉಯ್ಯಾಲೆಯಾಟದವಳ ಹಸಿರು ಬೂಟಿನ ಕಾಲು, ಎಲ್ಲವೂ ಆ ಕನ್ನಡಿಯೊಳಗಿನವು. ಸಂಭ್ರಮವೆಲ್ಲ ಪ್ರತಿಬಿಂಬ, ನಮ್ಮೆದುರು ನಿಜವಾಗಿ ನಿಂತಿರುವ ವ್ಯಕ್ತಿ ಕೆಲಸದವಳು ಒಬ್ಬಳೇ. ಬಲಗಡೆಗೆ ಸರಿದ ಅವಳ ಪ್ರತಿಬಿಂಬ ಗಿರಾಕಿಯತ್ತ ಕೊಂಚ ಬಾಗಿದೆ, ಎದುರಿನ ಮುಖ ಮಾತ್ರ ಎಲ್ಲೋ ದೂರ ಹೋಗಿದೆ. ಆ ಪ್ರತಿಬಿಂಬದ ಜಾಗ ಸರಿಯೇ ಎಂದು ವಿಮರ್ಶಕರು ಬಹಳ ಚರ್ಚಿಸಿದ್ದಾರೆ. ನನಗೆ ಆ ಎರಡು ಮುಖಗಳ ನಡುವಿನ ಅಂತರವೇ ಚಿತ್ರದ ಜೀವ.

ಈ ಬಿಡುವಿನ ಊರೇ ಹೊಸದು: 1853ರಿಂದ ಆಡಳಿತಾಧಿಕಾರಿ ಓಸ್ಮಾನ್ ಪ್ಯಾರಿಸ್ಸಿನ ಹಳೆಯ ಓಣಿಗಳನ್ನು ಕೆಡವಿ ಅಗಲವಾದ ಬೀದಿಗಳನ್ನು ಮಾಡಿಸಿದ್ದ. ಚಿತ್ರಕಾರ ಕೈಬಾತ್ 1877ರಲ್ಲಿ ಬರೆದ ಮಳೆಯ ದಿನದ ಬೀದಿಯಲ್ಲಿ ಕೊಡೆ ಹಿಡಿದು ನಡೆಯುವವರು ಆ ಹೊಸ ಊರಿನವರು. ಅಂಥ ಬೀದಿಗಳ ಮನೆಗಳ ಮರದ ನೆಲ ಹೆರೆಯುವವರನ್ನೂ ಅವನೇ ಬರೆದ. 1875ರ ಸರ್ಕಾರಿ ಪ್ರದರ್ಶನಕ್ಕೆ ಆ ಚಿತ್ರ ಬೇಡವಾಯಿತು.

ಇನ್ನು ಚಿತ್ರಕಾರ ಸ್ಯೂರಾ. ‘ಆನಿಯೇರ್‌ನಲ್ಲಿ ಸ್ನಾನ’ (1884) ಸುಮಾರು ಎರಡು ಮೀಟರ್ ಎತ್ತರ, ಮೂರು ಮೀಟರ್ ಅಗಲ. ಹಿಂದೆ ದೇವತೆಗಳಿಗೂ ರಾಜರಿಗೂ ಮೀಸಲಾಗಿದ್ದ ಅಳತೆ ಇಲ್ಲಿ ಸಾಮಾನ್ಯರಿಗೆ ಸಿಕ್ಕಿದೆ. ಸೇನ್ ನದಿಯ ದಂಡೆಯಲ್ಲಿ ಕೂತವರು ಒಬ್ಬರೊಂದಿಗೊಬ್ಬರು ಮಾತಾಡುವುದಿಲ್ಲ. ಹಿನ್ನೆಲೆಯಲ್ಲಿ ಕಾರ್ಖಾನೆಯ ಹೊಗೆ. ನದಿಯ ನಡುವಿನ ದೋಣಿಯನ್ನು ತಪ್ಪದೆ ನೋಡಿ: ಎತ್ತರದ ಟೋಪಿಯ ಗಂಡಸು, ಕೊಡೆ ಹಿಡಿದ ಹೆಂಗಸು, ಜೊತೆಗೆ ಹುಟ್ಟು ಹಾಕುವ ಅಂಬಿಗ. ದೋಣಿ ಹೊರಟಿರುವುದು ಗ್ರಾಂದ್ ಜಾಟ್ ದ್ವೀಪದ ಕಡೆಗೆ. ಅಲ್ಲಿನ ಭಾನುವಾರವೇ ಸ್ಯೂರಾನ ಮುಂದಿನ ದೊಡ್ಡ ಚಿತ್ರ. ಮೊದಲನೆಯದು ಲಂಡನ್ನಿನಲ್ಲಿದೆ, ಎರಡನೆಯದು ಶಿಕಾಗೋದಲ್ಲಿ. ಅಂತರಜಾಲದಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಈ ಚಿತ್ರಗಳ ಬಿಡುವು ಆಗ ಎಲ್ಲರ ಹಕ್ಕಾಗಿರಲಿಲ್ಲ: ವಾರಕ್ಕೊಂದು ದಿನದ ರಜೆ ಫ್ರಾನ್ಸಿನ ಕಾರ್ಮಿಕರಿಗೆ ಕಾನೂನಿನ ಹಕ್ಕಾಗಿ ಬಂದದ್ದು 1906ರಲ್ಲಿ, ಸ್ಯೂರಾ ತೀರಿಕೊಂಡ 15 ವರ್ಷಗಳ ಮೇಲೆ.