ಅಂಜುವ ಕಮಾನು

ಮಗುವನ್ನು ಪಿಟೀಲು ಪಾಠಕ್ಕೆ ಸೇರಿಸಿದ ಮನೆಯವರು ನನ್ನನ್ನು ಕೇಳುವುದು ಸಾಮಾನ್ಯವಾಗಿ ಒಂದೇ ಮಾತು: “ಈ ಕಿರ್ರ್ ಅನ್ನೋದು ಯಾವಾಗ ನಿಲ್ಲುತ್ತೆ?” ನಾನು ತಿರುಗಿ ಕೇಳುತ್ತೇನೆ: ಯಾವ ಕಿರ್ರ್? ದಪ್ಪನಾಗಿ ಕರಕರ ಎನ್ನುವುದೋ, ತೆಳ್ಳಗೆ ಸಿಳ್ಳೆಯ ಹಾಗೆ ಕೀರುವುದೋ? ದೂರದಿಂದ ಕೇಳುವವರಿಗೆ ಎರಡೂ ಒಂದೇ ಹಿಂಸೆ. ಕಲಿಯುವವರು ಮಾತ್ರ ಇವೆರಡನ್ನು ಬೇರೆ ಮಾಡಿ ಕೇಳಲೇಬೇಕು. ಕರಕರ ಬರುವುದು ಕಮಾನಿನ ಭಾರ ಹೆಚ್ಚಾದಾಗ, ಸಿಳ್ಳೆ ಬರುವುದು ಭಾರ ಸಾಲದೆ ಹೋದಾಗ. ಒಂದರ ಮದ್ದು ಇನ್ನೊಂದಕ್ಕೆ ವಿಷ.

ನಾನು ಕೇಳಿದ ಮಟ್ಟಿಗೆ ಎಳೆಯ ಕೈಗಳಲ್ಲಿ ಹೆಚ್ಚಾಗಿ ಕಾಣುವುದು ಎರಡನೆಯದೇ. ಅದಕ್ಕೆ ಕಾರಣ ಅಂಜಿಕೆ. ಮೊದಲ ಸಲ ಕಮಾನು ಎಳೆದಾಗ ಕೆಟ್ಟ ಸದ್ದು ಬರುತ್ತದೆ. ಮಗು ಬೆಚ್ಚಿ ಕೈ ಹಗುರ ಮಾಡುತ್ತದೆ. ಹಗುರ ಮಾಡಿದ್ದರಿಂದಲೇ ಸದ್ದು ಇನ್ನಷ್ಟು ಕೆಡುತ್ತದೆ. ಅಷ್ಟರಲ್ಲಿ ಅಡುಗೆಮನೆಯಿಂದ “ಮೆಲ್ಲಗೆ ನುಡಿಸೋ, ಪಕ್ಕದ ಮನೆಯವರು ಏನಂದುಕೊಂಡಾರು” ಎಂಬ ಮಾತು. ಈ ಒಂದು ಮಾತು ಎಷ್ಟೋ ಮಕ್ಕಳ ನಾದವನ್ನು ಹಾಳು ಮಾಡಿದೆ. ಪಿಟೀಲಿನಲ್ಲಿ ಮೆಲ್ಲಗೆ ನುಡಿಸುವುದು ಪಳಗಿದ ಕೈಗೆ ಒಲಿಯುವ ವಿದ್ಯೆ. ಹೊಸಬರು ತುಂಬು ದನಿಯಿಂದಲೇ ಶುರು ಮಾಡಬೇಕು.

ತಂತಿ ನುಡಿಯುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ರಾಳ ಉಜ್ಜಿದ ಕೂದಲು ತಂತಿಯನ್ನು ಹಿಡಿದು ತನ್ನ ಜೊತೆ ಪಕ್ಕಕ್ಕೆ ಎಳೆದೊಯ್ಯುತ್ತದೆ. ಒಂದು ಹಂತದಲ್ಲಿ ಹಿಡಿತ ತಪ್ಪಿ ತಂತಿ ಹಿಂದಕ್ಕೆ ಚಿಮ್ಮುತ್ತದೆ. ಕೂದಲು ಮತ್ತೆ ಹಿಡಿಯುತ್ತದೆ. ನಾದ ಶುದ್ಧವಾಗಿದ್ದಾಗ ಒಂದು ಕಂಪನಕ್ಕೆ ಒಂದು ಹಿಡಿತ, ಒಂದು ಜಾರು. ತಂತಿ ಸೆಕೆಂಡಿಗೆ 200 ಸಲ ಕಂಪಿಸುವ ಸ್ವರವಾದರೆ ಸೆಕೆಂಡಿಗೆ 200 ಸಲ ಹಿಡಿದು ಬಿಡಬೇಕು. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಹತ್ತೊಂಬತ್ತನೆಯ ಶತಮಾನದಲ್ಲೇ ಈ ಚಲನೆಯನ್ನು ಕಂಡು ವಿವರಿಸಿದ. ಕಮಾನಿನ ಭಾರ ಸಾಲದಿದ್ದರೆ ತಂತಿ ಒಂದೇ ಕಂಪನದೊಳಗೆ ಎರಡು ಸಲ ಜಾರಿಬಿಡುತ್ತದೆ. ಆಗ ಸ್ವರದ ಬುಡ ಬಡವಾಗಿ ಮೇಲಿನ ಕೀರಲಷ್ಟೇ ಕಿವಿಗೆ ಬೀಳುತ್ತದೆ. ಭಾರ ಅತಿಯಾದರೆ ತಂತಿ ಹೊತ್ತಿಗೆ ಸರಿಯಾಗಿ ಬಿಡಿಸಿಕೊಳ್ಳಲಾರದೆ ಲೆಕ್ಕ ತಪ್ಪುತ್ತದೆ, ಕರಕರ ಶುರು.

ಇದೇ ಭಾರದ ಲೆಕ್ಕವನ್ನು ಅಳೆದು ತೋರಿಸಿದವರು ನಮ್ಮ ಸಿ.ವಿ. ರಾಮನ್. ಅವರು ಬೆಂಗಳೂರಿಗೆ ಬರುವ ಮುಂಚೆ, ಬೆಳಕಿನ ಸಂಶೋಧನೆಗೆ ನೊಬೆಲ್ ಬರುವುದಕ್ಕೂ ಎಷ್ಟೋ ಮುಂಚೆ, ಕಲ್ಕತ್ತೆಯಲ್ಲಿ ಪಿಟೀಲಿನ ಹಿಂದೆ ಬಿದ್ದಿದ್ದರು. 1918ರಲ್ಲಿ ಕಮಾನಿನಿಂದ ನುಡಿಯುವ ತಂತಿಗಳ ಬಗ್ಗೆ ದೊಡ್ಡ ಪ್ರಬಂಧ ಬರೆದರು. ಆಮೇಲೆ ಯಂತ್ರದಿಂದ ಪಿಟೀಲು ನುಡಿಸಿ ಪ್ರಯೋಗ ಮಾಡಿದರು. ಕಮಾನು, ತಂತಿಗಳನ್ನು ಹೊತ್ತು ನಿಂತ ಕುದುರೆಯ ಹತ್ತಿರ ಹೋದಷ್ಟೂ ಹೆಚ್ಚು ಭಾರ ಬೇಕೆಂಬುದನ್ನು ಅಳತೆಯಲ್ಲಿ ಹಿಡಿದರು. ಮುಂದೆ ಅಮೆರಿಕದ ಸಂಶೋಧಕ ಶೆಲ್ಲೆಂಗ್ 1973ರಲ್ಲಿ ಇದನ್ನು ಇನ್ನೂ ಸ್ಪಷ್ಟಗೊಳಿಸಿದ. ಕುದುರೆಯಿಂದ ಕಮಾನಿಗಿರುವ ಅಂತರ ಅರ್ಧಕ್ಕಿಳಿದರೆ ಬೇಕಾದ ಕನಿಷ್ಠ ಭಾರ ಸುಮಾರು ನಾಲ್ಕು ಪಟ್ಟಾಗುತ್ತದೆ, ತಂತಿ ತಾಳುವ ಗರಿಷ್ಠ ಭಾರ ಎರಡೇ ಪಟ್ಟಾಗುತ್ತದೆ. ಹತ್ತಿರ ಹೋದಂತೆ ಕೈಗೆ ಸಿಗುವ ಜಾಗ ಕಿರಿದಾಗುತ್ತ ಹೋಗುತ್ತದೆ ಎಂದರ್ಥ. ಕುದುರೆಗೆ ಅಂಟಿಕೊಂಡು ಹಗುರವಾಗಿ ಎಳೆಯುವ ಮಗುವಿನ ಕಮಾನು ಕೀರದೆ ಇನ್ನೇನು ಮಾಡೀತು?

ಹಾಗಾಗಿ ಹೊಸಬರಿಗೆ ಕುದುರೆಗೂ ಬೆರಳು ಹಲಗೆಯ ಕೊನೆಗೂ ನಟ್ಟನಡುವಿನ ಜಾಗವೇ ಕ್ಷೇಮ. ಅಲ್ಲಿ ಕಮಾನು ನಿಲ್ಲಿಸುವುದು ಸುಲಭ, ಅಲ್ಲೇ ಉಳಿಸಿಕೊಳ್ಳುವುದು ಕಷ್ಟ. ತೋಳು ಭುಜದಿಂದ ತಿರುಗುವುದರಿಂದ ಕಮಾನಿನ ದಾರಿ ತಾನಾಗಿ ಬಾಗುತ್ತದೆ. ಮೊನೆ ತಲುಪುವ ಹೊತ್ತಿಗೆ ಅದು ಓರೆಯಾಗಿ ಜಾರಿರುತ್ತದೆ, ಜಾರಿದಲ್ಲೆಲ್ಲ ಸದ್ದು ಕೀರುತ್ತದೆ. ನಮ್ಮ ಪದ್ಧತಿಯಲ್ಲಿ ನೆಲದ ಮೇಲೆ ಕೂತು, ಪಿಟೀಲಿನ ತಲೆಯನ್ನು ಬಲಪಾದದ ಮೇಲೆ ಊರಿ ನುಡಿಸುವುದರಿಂದ ನುಡಿಸುವವರ ಕಣ್ಣಿಗೆ ಈ ಓರೆ ಸರಿಯಾಗಿ ಕಾಣುವುದೂ ಇಲ್ಲ. ಎದುರಿಗೊಂದು ಕನ್ನಡಿ ಇಟ್ಟುಕೊಂಡು, ಕಮಾನು ಕುದುರೆಗೆ ಸಮಾನಾಂತರವಾಗಿ ಹೋಗುತ್ತಿದೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು. ಕಮಾನಿನ ಕೊನೆಯರ್ಧದಲ್ಲಿ ಮೊಣಕೈ ಬಿಚ್ಚಿಕೊಳ್ಳಬೇಕು, ಮಣಿಕಟ್ಟು ಸಡಿಲವಾಗಿರಬೇಕು. ಭುಜ ಎತ್ತಿ ಕೂತವರಿಗೆ ಇದು ಆಗುವುದಿಲ್ಲ.

ಈಗ ಮಧ್ಯಸ್ಥಾಯಿ ಷಡ್ಜದ ತಂತಿಯ ಮೇಲೆ ಒಂದೇ ಒಂದು ಕಮಾನು ಎಳೆಯೋಣ. ಮೊದಲು ಕಮಾನನ್ನು ತಂತಿಯ ಮೇಲಿಟ್ಟು ಸುಮ್ಮನಿರಬೇಕು. ತೋಳಿನ ಭಾರ ತೋರುಬೆರಳಿನ ಮೂಲಕ ಕಡ್ಡಿಗೆ ಇಳಿಯಲಿ. ಎಳೆಯದೆಯೇ ಕಮಾನನ್ನು ಕೂದಲೆಳೆಯಷ್ಟು ಅಲುಗಿಸಿದರೆ ತಂತಿಯೂ ಅದರ ಜೊತೆ ಪಕ್ಕಕ್ಕೆ ಬಾಗುವುದು ಬೆರಳಿಗೆ ತಿಳಿಯಬೇಕು. ತಿಳಿಯಿತೆಂದರೆ ಕೂದಲು ತಂತಿಯನ್ನು ಹಿಡಿದಿದೆ ಎಂದರ್ಥ. ಆಮೇಲೆಯೇ ಎಳೆಯಬೇಕು. ಹೊಸಬರ ಕೀರಲಿನಲ್ಲಿ ದೊಡ್ಡ ಪಾಲು ಹುಟ್ಟುವುದು ಈ ಮೊದಲ ಕ್ಷಣದಲ್ಲೇ. ಕಮಾನು ಗಾಳಿಯಿಂದ ಇಳಿದು ಬಂದು ಓಡುತ್ತಲೇ ತಂತಿಗೆ ತಾಗುತ್ತದೆ, ಹಿಡಿತ ಕೂರುವಷ್ಟರಲ್ಲಿ ಕಿರ್ರ್ ಎಂದಾಗಿರುತ್ತದೆ. ಇನ್ನು ಎಳೆಯುತ್ತ ಹೋದಂತೆ, ಕೈಹಿಡಿಯ ಬಳಿ ಕಮಾನು ತಾನೇ ಭಾರ, ಮೊನೆಯ ಬಳಿ ಹಗುರ. ಆದ್ದರಿಂದ ಮೊನೆಯತ್ತ ಸಾಗಿದಂತೆ ತೋರುಬೆರಳು ಸ್ವಲ್ಪ ಸ್ವಲ್ಪವೇ ಒರಗಬೇಕು, ಹಿಂದಿರುಗುವಾಗ ಕಿರುಬೆರಳು ಭಾರವನ್ನು ಎತ್ತಿ ಹಿಡಿಯಬೇಕು. ಒತ್ತುವುದು ಬೇರೆ, ಭಾರ ಇಳಿಬಿಡುವುದು ಬೇರೆ. ಬೆರಳುಗಳಿಂದ ಒತ್ತಿದರೆ ಮುಷ್ಟಿ ಬಿಗಿದು ಕರಕರ ಬರುತ್ತದೆ.

ಸರಳೆ ವರಸೆಗೆ ಹೋಗುವ ಮುಂಚೆ ದಿನವೂ ಇಂಥ ಉದ್ದನೆಯ ಕಮಾನುಗಳನ್ನು ಬರೀ ತಂತಿಯ ಮೇಲೆ ಎಳೆಯಿಸುವ ಮೇಷ್ಟ್ರು ಸಿಕ್ಕವರು ಪುಣ್ಯವಂತರು. ಮನೆಯವರಿಗೆ ಇದು ಹಿಡಿಸುವುದಿಲ್ಲ. ‘ಇನ್ನೂ ಗೀತೆಗೆ ಬರಲಿಲ್ಲವಲ್ಲ’ ಎಂಬ ಕೊರಗು. ಆದರೆ ಎಡಗೈ ಎಷ್ಟು ಚುರುಕಾಗಿದ್ದರೂ ಬಲಗೈ ಕೊಟ್ಟಷ್ಟೇ ನಾದ.

ಮೈಸೂರಿನ ಟಿ. ಚೌಡಯ್ಯನವರು ಏಳು ತಂತಿಯ ಪಿಟೀಲು ಮಾಡಿಸಿಕೊಂಡಿದ್ದು ನಾದ ದೊಡ್ಡದಾಗಲೆಂದೇ. ಮೈಕಿಲ್ಲದ ಸಭೆಯಲ್ಲಿ ಕೊನೆಯ ಸಾಲಿಗೂ ಮುಟ್ಟಬೇಕಿತ್ತು. ಅದರಲ್ಲಿ ಜೋಡಿಯಾಗಿ ಕಟ್ಟಿದ ತಂತಿಗಳೆರಡನ್ನೂ ಒಂದೇ ಎಳೆತದಲ್ಲಿ ಕಚ್ಚಿ ಹಿಡಿಯಲು ಅಂಜುವ ಕಮಾನಿಗೆ ಸಾಧ್ಯವೇ ಇಲ್ಲ. ಈಗ ವಾದ್ಯಕ್ಕೇ ಮೈಕು ಸಿಕ್ಕಿಸುವ ಕಾಲ. ಹಗುರ ಕಮಾನಿನಿಂದಲೂ ಸಭಾಂಗಣ ತುಂಬಿಸಬಹುದು. ಕಲಿಯುವವರು ಈ ಅನುಕೂಲದಿಂದ ದೂರವಿದ್ದಷ್ಟೂ ಒಳ್ಳೆಯದೆಂದು ನನ್ನ ಗಟ್ಟಿ ನಂಬಿಕೆ.

ಕೈಯದಲ್ಲದ, ವಾದ್ಯದ್ದೇ ಆದ ದೋಷಗಳೂ ಇವೆ. ಹೊಸ ಕಮಾನಿಗೆ ರಾಳ ಹಾಕದಿದ್ದರೆ ತಂತಿ ನುಡಿಯುವುದೇ ಇಲ್ಲ. ಹೊಸ ರಾಳದ ಬಿಲ್ಲೆ ಗಾಜಿನಂತೆ ನುಣುಪಾಗಿರುತ್ತದೆ, ಅದರ ಮೇಲ್ಮೈಯನ್ನು ಮರಳು ಕಾಗದದಿಂದ ಒಮ್ಮೆ ತರಿ ಮಾಡದೆ ಕೂದಲಿಗೆ ಏನೂ ಹತ್ತದು. ಅತಿಯಾದರೂ ಕಷ್ಟ. ತಂತಿಯ ಮೇಲೆ ಬಿಳಿ ಪುಡಿ ಗಟ್ಟಿಕಟ್ಟಿದರೆ ಕರಕರ ಖಚಿತ, ದಿನವೂ ಒಣಬಟ್ಟೆಯಿಂದ ಒರೆಸಬೇಕು. ಗಮಕಕ್ಕೆ ಬೆರಳು ಸಲೀಸಾಗಿ ಜಾರಲೆಂದು ಕೆಲವರು ಎಡಗೈ ಬೆರಳಿಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಾರೆ. ಅದೇ ಕೈಯಿಂದ ಕಮಾನಿನ ಕೂದಲನ್ನೋ, ತಂತಿಯ ಮೇಲೆ ಕಮಾನು ಓಡುವ ಜಾಗವನ್ನೋ ಮುಟ್ಟಿದರೆ ಮುಗಿಯಿತು; ಆ ಜಾಗದಲ್ಲಿ ಹಿಡಿತವೇ ಇರುವುದಿಲ್ಲ. ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡು, ಕರಾವಳಿಯ ತೇವದಲ್ಲಿ, ಕೂದಲು ಉದ್ದವಾಗಿ ಕಮಾನು ಸಡಿಲವಾಗುತ್ತದೆ. ಕಡ್ಡಿಗೂ ಕೂದಲಿಗೂ ನಡುವೆ ಪೆನ್ಸಿಲ್ ದಪ್ಪದ ಸಂದು ಉಳಿಯುವಷ್ಟು ಬಿಗಿ ಮಾಡಿ, ನುಡಿಸಿದ ಮೇಲೆ ಸಡಿಲಿಸಿ ಇಡಬೇಕು.

ಎಲ್ಲ ಸರಿಯಿದ್ದೂ ಒಂದು ಸಿಳ್ಳೆ ಮಾತ್ರ ಕಾಡುತ್ತಲೇ ಇರುತ್ತದೆ. ಪಕ್ಕದ ತಂತಿಯಿಂದ ಅತಿ ತೆಳುವಾದ ಪಂಚಮದ ತಂತಿಗೆ, ಬೆರಳಿಡದೆ, ಕಮಾನು ದಾಟುವಾಗ ತಟ್ಟನೆ ಕೇಳಿಸುವ ಚೂಪಾದ ಸಿಳ್ಳೆ ಅದು. ಬರೀ ಉಕ್ಕಿನ ಆ ತಂತಿ ಪಕ್ಕಕ್ಕೆ ಅಲುಗುವ ಬದಲು ತನ್ನ ಸುತ್ತಲೇ ತಿರುಚಿಕೊಂಡು ಕಂಪಿಸುವುದು ಇದಕ್ಕೆ ಕಾರಣ. ದಾಟುವ ಮುನ್ನ ಕಮಾನಿನ ಭಾರವನ್ನು ಹಿಡಿದಿಟ್ಟುಕೊಂಡರೆ ಕಡಿಮೆಯಾಗುತ್ತದೆ. ಅದಕ್ಕೂ ಜಗ್ಗದಿದ್ದರೆ ಮಗುವನ್ನು ಬೈಯಬೇಡಿ. ಅಂಗಡಿಯಲ್ಲಿ ಅದೇ ತಂತಿ ಮೇಲೆ ಸಣ್ಣ ಲೋಹದ ಸುತ್ತಿರುವ ಬಗೆಯಲ್ಲೂ ಸಿಗುತ್ತದೆ. ಅದನ್ನು ಕೇಳಿ ತಂದು ಹಾಕಿಸಿ.