ಕಬ್ಬಿನ ಲೆಕ್ಕ, ಕಾಲುವೆಯ ಲೆಕ್ಕ

ಕಿತ್ತೂರು, ಬೈಲಹೊಂಗಲ ಸೀಮೆಯಲ್ಲಿ ಮಲಪ್ರಭೆಯ ದಂಡೆಗೆ ಪಂಪ್‌ಸೆಟ್ ಹೂಡಿ ಕಬ್ಬು ಬೆಳೆಯುವ ರೈತನನ್ನು ಯಾವ ಅರ್ಥಶಾಸ್ತ್ರಜ್ಞನೂ ದಡ್ಡನೆನ್ನಲಾರ. ಹೊಳೆಯ ನೀರು ಅವನಿಗೆ ಹೆಚ್ಚುಕಡಿಮೆ ಪುಕ್ಕಟೆ. ಹತ್ತು ಅಶ್ವಶಕ್ತಿಯವರೆಗಿನ ಪಂಪಿಗೆ ಕರೆಂಟಿನ ಬಿಲ್ಲನ್ನು ಸರ್ಕಾರ ಭರಿಸುತ್ತದೆ. ಕಬ್ಬಿಗೆ ಕೇಂದ್ರ ಸರ್ಕಾರ ವರ್ಷವರ್ಷವೂ ದರ ಗೊತ್ತು ಮಾಡುತ್ತದೆ. ಕೊಳ್ಳಲು ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಸಹಕಾರಿ ಕಾರ್ಖಾನೆಯಿದೆ, ಮುನವಳ್ಳಿಯಲ್ಲಿ ರೇಣುಕಾ ಶುಗರ್ಸ್ ಇದೆ. ಅದೇ ಹೊಲಕ್ಕೆ ಹತ್ತಿಯನ್ನೋ ಜೋಳವನ್ನೋ ಹಾಕಿದರೆ ಮಳೆ ಕೈಕೊಟ್ಟೀತು, ಮಳೆ ಬಂದರೆ ಪೇಟೆ ಕೈಕೊಟ್ಟೀತು. ತನ್ನ ಲಾಭ-ಲುಕ್ಸಾನು ತೂಗಿ ನೋಡುವವನು ಕಬ್ಬನ್ನೇ ನೆಡುತ್ತಾನೆ.

ಹೊಳೆ ಅಲ್ಲಿಗೇ ಮುಗಿಯುವುದಿಲ್ಲ. ಸವದತ್ತಿ ತಾಲ್ಲೂಕಿನ ನವಿಲುತೀರ್ಥದಲ್ಲಿ, 1970ರ ದಶಕದ ಆರಂಭದಲ್ಲಿ ಎದ್ದ ರೇಣುಕಾಸಾಗರದ ಒಡಲು 37.73 ಟಿಎಂಸಿಯದು. ಅದರ ಎಡದಂಡೆ ಕಾಲುವೆ ರಾಮದುರ್ಗದ ಕಡೆಗೆ, ಬಲದಂಡೆ ಕಾಲುವೆ ನವಲಗುಂದ, ನರಗುಂದದ ಕರಿ ಎರೆಹೊಲಗಳ ಕಡೆಗೆ. ಆ ಜಲಾಶಯ ತುಂಬಿ ತುಳುಕಿದ ವರ್ಷಗಳು ಕಡಿಮೆ. ಹೊಳೆ ಹುಟ್ಟುವ ಕಣಕುಂಬಿ ಕಡೆಯ ಮಳೆಯ ಏರುಪೇರು ಇದಕ್ಕೆ ಒಂದು ಕಾರಣ, ಮೇಲ್ದಂಡೆಯಲ್ಲಿ ಎತ್ತುವ ನೀರು ಇನ್ನೊಂದು. ಬಿಟ್ಟಷ್ಟು ನೀರಿನಲ್ಲೂ ಕಾಲುವೆಯ ತಲೆಭಾಗದವನು ತನಗೆ ಬೇಕಾದಷ್ಟು ತಿರುಗಿಸಿಕೊಂಡರೆ ಕೊನೆಭಾಗದವನು ಒಣ ಕಾಲುವೆಯನ್ನು ನೋಡುತ್ತ ಕೂರಬೇಕು.

ವಿವೇಕಯುತ ಸ್ವಹಿತದ ಸಿದ್ಧಾಂತ ಈ ಚಿತ್ರವನ್ನು ಚೆನ್ನಾಗಿ ವಿವರಿಸುತ್ತದೆ. ಒಬ್ಬೊಬ್ಬರೂ ತಮ್ಮ ಮಟ್ಟಿಗೆ ಜಾಣತನದಿಂದ ನಡೆದು, ಎಲ್ಲರೂ ಸೇರಿ ಹೊಳೆಯನ್ನು ಬತ್ತಿಸಬಲ್ಲರು. 1965ರಲ್ಲಿ ಅರ್ಥಶಾಸ್ತ್ರಜ್ಞ ಮಂಕರ್ ಓಲ್ಸನ್ ಸಾಮೂಹಿಕ ಕ್ರಿಯೆಯ ಬಗ್ಗೆ ಬರೆದ ಪುಸ್ತಕದ ತಿರುಳೂ ಇದಕ್ಕೆ ಹತ್ತಿರದ್ದೇ. ಸಿದ್ಧಾಂತದ ಇನ್ನೊಂದು ಗುಣವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಬಡ ರೈತನನ್ನು ಅದು ಮುಗ್ಧನೆಂದಾಗಲಿ ಸಂಪ್ರದಾಯದ ದಾಸನೆಂದಾಗಲಿ ಕಾಣುವುದಿಲ್ಲ. ಅವನು ಬಡವನಾದರೂ ಲೆಕ್ಕದಲ್ಲಿ ಪಕ್ಕಾ ಎಂದು ಅರ್ಥಶಾಸ್ತ್ರಜ್ಞ ಥಿಯೊಡರ್ ಶುಲ್ಟ್ಸ್ 1964ರಲ್ಲಿ ವಾದಿಸಿದ್ದರು. ಅವರ ಮಾತಿಗೆ ಸಾಕ್ಷಿ ಬೇಕಿದ್ದರೆ ಬೈಲಹೊಂಗಲದ ಹತ್ತಿ ಪೇಟೆಯಲ್ಲಿ ಒಂದು ಮುಂಜಾನೆ ಸಾಕು.

ಹಳೆಯ ಹಳ್ಳಿಯಲ್ಲಿ ಸ್ವಾರ್ಥವೇ ಇರಲಿಲ್ಲ ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. ಮುಯ್ಯಾಳಿನ ಪದ್ಧತಿಯನ್ನೇ ನೋಡಿ. ಇಂದು ನಿನ್ನ ಹೊಲದಲ್ಲಿ ನಾನು ಕಳೆ ಕಿತ್ತರೆ ನಾಳೆ ನನ್ನ ಹೊಲಕ್ಕೆ ನೀನು ಬರಬೇಕು. ಇದರಲ್ಲಿ ಪ್ರೀತಿ ಇದೆ, ಜೊತೆಗೆ ತಪ್ಪದ ಲೆಕ್ಕವೂ ಇದೆ. ಆ ಲೆಕ್ಕದೊಳಗೆ ಹೊಲವೇ ಇಲ್ಲದವರಿಗೆ ಜಾಗವಿರಲಿಲ್ಲ, ಏಕೆಂದರೆ ಮುಯ್ಯಿ ವಾಪಸು ಪಡೆಯಲು ಅವರಿಗೆ ಹೊಲ ಎಲ್ಲಿಂದ ಬರಬೇಕು? ಆಯದ ಪದ್ಧತಿಯಲ್ಲಿ ಕಣದ ರಾಶಿಯಿಂದ ಬಡಿಗ, ಕಮ್ಮಾರ, ಕುಂಬಾರರಿಗೆ ಪಾಲು ಸಿಗುತ್ತಿತ್ತು, ನಿಜ. ಆದರೆ ದಲಿತ ಕುಟುಂಬಗಳಿಗೆ ಆ ಪಾಲು ಜಾತಿಯ ನೊಗದ ಜೊತೆಗೇ ಬರುತ್ತಿತ್ತು. ಹತ್ತಿ ಬಿಡಿಸಲು ಹೋಗುವ ಹೆಣ್ಣುಮಗಳು ದಿನದ ಪಗಾರವನ್ನು ರೊಕ್ಕದಲ್ಲಿ ಕೇಳಿ ಪಡೆಯುವುದು, ಕಡಿಮೆ ಕೊಟ್ಟರೆ ಬೇರೆ ಹೊಲಕ್ಕೆ ಹೋಗುವುದು ಅವಳ ಸ್ವಹಿತವೂ ಹೌದು, ಬಿಡುಗಡೆಯೂ ಹೌದು. ಇದನ್ನು ಮರೆತು ಸ್ವಹಿತವನ್ನು ಬೈಯುವ ಬರಹಗಳು ನನಗೆ ರುಚಿಸುವುದಿಲ್ಲ.

ಸಿದ್ಧಾಂತ ಮುಗ್ಗರಿಸುವುದು 1980ರಲ್ಲಿ. ಸರಿಯಾಗಿ ನೀರು ಮುಟ್ಟದ ಹೊಲಗಳಿಗೂ ಸರ್ಕಾರ ಅಭಿವೃದ್ಧಿ ಕರ ಹೇರಿತ್ತು. ಜುಲೈ 21ರಂದು ನರಗುಂದ, ನವಲಗುಂದದಲ್ಲಿ ರೈತರು ಬೀದಿಗಿಳಿದರು. ಗೋಲಿಬಾರಿನಲ್ಲಿ ನರಗುಂದದ ಕಡೆ ವೀರಪ್ಪ ಕಡ್ಲಿಕೊಪ್ಪ, ನವಲಗುಂದದ ಕಡೆ ಬಸಪ್ಪ ಲಕ್ಕುಂಡಿ ಪ್ರಾಣ ಕೊಟ್ಟರು. ಓಲ್ಸನ್‌ನ ತರ್ಕದಂತೆ ಅಂದು ಪ್ರತಿಯೊಬ್ಬನೂ ಮನೆಯಲ್ಲೇ ಉಳಿಯಬೇಕಿತ್ತು: ಹೋರಾಡಿದವರು ಗೆದ್ದರೆ ಕರ ಎಲ್ಲರಿಗೂ ಮಾಫಿ, ಸೋತರೆ ಮನೆಯಲ್ಲಿದ್ದವನಿಗೆ ಲಾಠಿ ಏಟಾದರೂ ತಪ್ಪಿತು. ಆದರೂ ಸಾವಿರಾರು ಜನ ಬಂದರು. ಊರಿನಲ್ಲಿ ಮಾನ ಉಳಿಯಬೇಕಲ್ಲ, ಆ ಮಾನವೂ ಒಂದು ಲಾಭವೇ ಎಂದು ಸಿದ್ಧಾಂತದ ವಕೀಲರು ಹೇಳಿಯಾರು. ಹಾಗೆ ಹೇಳಿದ ಕ್ಷಣವೇ ಅದರ ಹುರುಳು ಸೋರಿಹೋಗುತ್ತದೆ. ನೀರು ಕದ್ದವನದೂ ಸ್ವಹಿತ, ನೀರಿಗಾಗಿ ಸತ್ತವನದೂ ಸ್ವಹಿತ ಎಂದಾದರೆ ಆ ಮಾತು ಇಬ್ಬರ ಬಗ್ಗೆಯೂ ಏನನ್ನೂ ಹೇಳಿದಂತಾಗಲಿಲ್ಲ.

ಅಮರ್ತ್ಯ ಸೇನ್ 1977ರ ಪ್ರಬಂಧದಲ್ಲಿ ಬರೀ ಲೆಕ್ಕದ ಮನುಷ್ಯನನ್ನು ವಿವೇಕಿ ಮೂರ್ಖ ಎಂದು ಕರೆದದ್ದು ಸುಮ್ಮನೆ ಅಲ್ಲ. ತನಗೆ ಲಾಭವಿಲ್ಲದಿದ್ದರೂ ಕೊಟ್ಟ ಮಾತಿಗೆ, ನಂಬಿದ ನ್ಯಾಯಕ್ಕೆ ಕಟ್ಟುಬೀಳುವ ಶಕ್ತಿ ಮನುಷ್ಯನಿಗಿದೆ ಎಂಬುದು ಅವರ ವಾದ. ಗಂಡ ಆಯ್ದು ತಂದ ಹೆಚ್ಚಿನ ಅಕ್ಕಿಯನ್ನು ಹಿಂದಕ್ಕೆ ಸುರಿದು ಬರಲು ಹೇಳಿದ ಆಯ್ದಕ್ಕಿ ಲಕ್ಕಮ್ಮನನ್ನು ಬಲ್ಲ ನಮಗೆ ಇದು ಹೊಸ ಮಾತಲ್ಲ. ಹಾಗೆಂದು ಎಲ್ಲರೂ ಲಕ್ಕಮ್ಮನಂತಾಗಲಿ ಎಂದು ಪ್ರವಚನ ಮಾಡಿ ಕಾಲುವೆ ನಡೆಸಲು ಬರುವುದಿಲ್ಲ. 2009ರಲ್ಲಿ ನೊಬೆಲ್ ಪಡೆದ ಎಲಿನರ್ ಆಸ್ಟ್ರಮ್ ತೋರಿಸಿದ ದಾರಿ ನನಗೆ ಹೆಚ್ಚು ಉಪಯುಕ್ತವೆನಿಸುತ್ತದೆ: ನೀರು ಬಳಸುವವರೇ ಕಟ್ಟಳೆ ಮಾಡಿ, ತಾವೇ ಕಾವಲಿದ್ದು, ತಪ್ಪಿದವರಿಗೆ ತಾವೇ ದಂಡ ಹಾಕುವ ವ್ಯವಸ್ಥೆಗಳು ಜಗತ್ತಿನ ಅನೇಕ ಕಡೆ ಶತಮಾನಗಟ್ಟಲೆ ಬಾಳಿವೆ. ನಮ್ಮಲ್ಲೂ ನೀರು ಬಳಕೆದಾರರ ಸಹಕಾರ ಸಂಘಗಳಿವೆ. ಆದರೆ ಸಂಘಕ್ಕೆ ಹೊಲಗಾಲುವೆಯ ಹೂಳಿನ ಮೇಲೆ ಅಧಿಕಾರ ಸಿಕ್ಕಷ್ಟು ನವಿಲುತೀರ್ಥದ ಗೇಟಿನ ಮೇಲೆ ಸಿಗಲಿಲ್ಲ, ಮೇಲ್ದಂಡೆಯ ಪಂಪಿನ ಮೇಲಂತೂ ಇಲ್ಲವೇ ಇಲ್ಲ.

ನನ್ನ ಮುಖ್ಯ ತಕರಾರು ಇಲ್ಲಿದೆ. ಸಿದ್ಧಾಂತ ಮೇಲ್ದಂಡೆಯ ರೈತನ ಆಯ್ಕೆಯನ್ನು ಮನುಷ್ಯ ಸ್ವಭಾವವೆಂದು ಕರೆಯುತ್ತದೆ. ಪುಕ್ಕಟೆ ಕರೆಂಟು, ಗೊತ್ತಾದ ಕಬ್ಬಿನ ದರ, ಅಳತೆಯಿಲ್ಲದ ನೀರು, ಈ ಮೂರನ್ನೂ ವಿಧಾನಸೌಧ ಮತ್ತು ದಿಲ್ಲಿಯ ಆದೇಶಗಳು ಹಾಗೂ ಮೌನ ಸೃಷ್ಟಿಸಿವೆ. ಜೋಳಕ್ಕೂ ಕಬ್ಬಿನಷ್ಟೇ ಖಾತ್ರಿ ಕೊಳ್ಳುವವನಿದ್ದರೆ ಅದೇ ರೈತನ ಅದೇ ವಿವೇಕ ಬೇರೆ ಬೆಳೆಯನ್ನು ಆರಿಸುತ್ತಿತ್ತು.

ಗೋವಾದ ಜೊತೆಗಿನ ಮಹದಾಯಿ ನದಿ ವ್ಯಾಜ್ಯದಲ್ಲಿ ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ಕಳಸಾ-ಬಂಡೂರಿ ಯೋಜನೆಯ ಮೂಲಕ ಮಲಪ್ರಭೆಗೆ 3.9 ಟಿಎಂಸಿ ನೀರು ತಿರುಗಿಸಿಕೊಳ್ಳಲು ಅವಕಾಶ ಕೊಟ್ಟಿತು. ಅದಕ್ಕಾಗಿ ನರಗುಂದದ ರೈತರು ವರ್ಷಗಟ್ಟಲೆ ಧರಣಿ ಕೂತಿದ್ದರು, ಬಂದ್‌ಗಳಾಗಿದ್ದವು, ಆ ಹೋರಾಟ ನ್ಯಾಯವಾದದ್ದೇ. ಗೋವಾದ ಎದುರು ನಿಲ್ಲುವಾಗ ಕಿತ್ತೂರಿನವನೂ ರಾಮದುರ್ಗದವನೂ ಒಂದೇ ಸಾಲಿನಲ್ಲಿರಬಹುದು. ಎಂ.ಕೆ. ಹುಬ್ಬಳ್ಳಿಯಿಂದ ನವಿಲುತೀರ್ಥದವರೆಗೆ ಹೊಳೆಯಲ್ಲಿ ಕೂತ ಪಂಪುಗಳಿಗೆ ಮೀಟರು ಹಾಕಿ ಎಂದು ಕೇಳಿದರೆ ಆ ಸಾಲು ಒಡೆಯುತ್ತದೆ. ಅಂಥ ಬೇಡಿಕೆ ಹೊತ್ತ ದೊಡ್ಡ ಹೋರಾಟ ಇನ್ನೂ ಎದ್ದಿಲ್ಲ.